ಸೋರ್ಸ್‌ನಿಂದ ಆರ್‌ಸಿಂಕ್ ಬಿಲ್ಡ್ ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಸಿಂಕ್ ಬಿಲ್ಡ್ ಮಾಡೋ (ಅಂದ್ರೆ ಸೋರ್ಸ್ ಕೋಡಿಂದ ಓಡೋ ಪ್ರೋಗ್ರಾಮ್ ತಯಾರಿಸೋ) ಬಗ್ಗೆ ಮಾತಲ್ಲಿ, ಮೆಸೇಜಲ್ಲಿ ಮತ್ತೆ ಮತ್ತೆ ಬರೋ ಪ್ರಶ್ನೆಗಳನ್ನ ಒಂದ್ಕಡೆ ಹಾಕಿದೀನಿ, ಕೇಳಿದೋರು ಹೇಗೆ ಕೇಳಿದ್ರೋ ಹೆಚ್ಚುಕಮ್ಮಿ ಹಾಗೇ. ಕಮಾಂಡು, ಆಪ್ಷನ್ನು, ಫೋಲ್ಡರ್ ಹೆಸರೆಲ್ಲ ಉಚ್ಚಾರಣೆ ಥರ ಕನ್ನಡದಲ್ಲಿ ಬರ್ದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ಬೇಕು. ಮೊದಲು ಸುಲಭದ್ದು, ಕೆಳಗೆ ಹೋದಹಾಗೆ ಸ್ವಲ್ಪ ಕಷ್ಟದ್ದು.

## ಶುರು ಮಾಡೋಕೆ ಮುಂಚೆ

ಆರ್‌ಸಿಂಕ್ ಅಂದ್ರೆ ಏನು? ಸಾದಾ ಕಾಪಿ ಕಮಾಂಡ್‌ಗಿಂತ ಏನ್ ಹೆಚ್ಚು ಮಾಡತ್ತೆ?

ಒಂದು ಫೋಲ್ಡರನ್ನ ಇನ್ನೊಂದು ಜಾಗಕ್ಕೆ, ಅದು ಅದೇ ಮಷಿನ್ ಆಗಿರ್ಲಿ ಬೇರೆ ಮಷಿನ್ ಆಗಿರ್ಲಿ, ಬದಲಾಗಿರೋದನ್ನ ಮಾತ್ರ ಕಳಿಸಿ ಒಂದೇ ಥರ ಮಾಡೋ ಟೂಲ್. ಆಂಡ್ರೂ ಟ್ರಿಜೆಲ್ ಮತ್ತೆ ಪಾಲ್ ಮೆಕೆರಾಸ್ ಸೇರಿ 1996ರಲ್ಲಿ ಹೊರಗೆ ಬಿಟ್ಟಿದ್ದು, ಅದರ ಒಳಗಿರೋ ಅಲ್ಗಾರಿದಮ್ ಟ್ರಿಜೆಲ್ ಅವರ 1999ರ ಪಿಎಚ್‌ಡಿ ಪ್ರಬಂಧದಲ್ಲೂ ಇದೆ. ಕೆಲಸ ಹೀಗೆ ನಡಿಯತ್ತೆ: ತಗೊಳ್ಳೋ ಕಡೆಯವನು ತನ್ನ ಹತ್ರ ಇರೋ ಹಳೇ ಫೈಲನ್ನ ಬ್ಲಾಕ್‌ಗಳಾಗಿ ಒಡ್ಕೊಂಡು ಪ್ರತಿ ಬ್ಲಾಕ್‌ಗೂ ಎರಡು ಚೆಕ್‌ಸಮ್ (ಒಳಗಿರೋ ಡೇಟಾನ ಗುರುತಿಸೋ ಚಿಕ್ಕ ಸಂಖ್ಯೆ) ಲೆಕ್ಕ ಹಾಕಿ ಕಳಿಸ್ತಾನೆ, ಒಂದು ಬೇಗ ಆಗೋ 32 ಬಿಟ್‌ನ ರೋಲಿಂಗ್ ಚೆಕ್‌ಸಮ್, ಇನ್ನೊಂದು ಗಟ್ಟಿಯಾದದ್ದು, ಕಳಿಸೋ ಕಡೆಯವನು ಹೊಸ ಫೈಲನ್ನ ಒಂದೊಂದೇ ಬೈಟ್ ಸರಿಸ್ತಾ ಹುಡುಕಿ, ಹೊಂದೋ ಬ್ಲಾಕ್ ಸಿಕ್ಕಿದ್ರೆ "ಅದು ನಿನ್ನ ಹತ್ರಾನೇ ಇದೆ" ಅಂತ ಹೇಳಿ ಮಿಕ್ಕಿದ್ದನ್ನ ಮಾತ್ರ ಕಳಿಸ್ತಾನೆ. ಅದಕ್ಕೇ ದೊಡ್ಡ ಫೈಲ್ ಮಧ್ಯ ನಾಲ್ಕು ಬೈಟ್ ಸೇರಿಸಿದ್ರೂ ಪೂರ್ತಿ ಫೈಲ್ ಹೋಗಲ್ಲ. ಒಂದು ವಿಷ್ಯ ತುಂಬಾ ಜನಕ್ಕೆ ಗೊತ್ತಿರಲ್ಲ, ಒಂದೇ ಮಷಿನ್ ಒಳಗೆ ಕಾಪಿ ಮಾಡುವಾಗ ಈ ಚಾಣಾಕ್ಷತನ ಎಲ್ಲ ಆಫ್ ಇರತ್ತೆ, ಬದಲಾದ ಫೈಲನ್ನ ಪೂರ್ತಿನೇ ಬರೀತದೆ, ಯಾಕಂದ್ರೆ ಅಲ್ಲಿ ಲೆಕ್ಕ ಹಾಕೋದಕ್ಕಿಂತ ಕಾಪಿ ಮಾಡೋದೇ ಬೇಗ.

ಪ್ಯಾಕೇಜ್ ಮ್ಯಾನೇಜರಲ್ಲಿ ಒಂದೇ ಲೈನಲ್ಲಿ ಇನ್‌ಸ್ಟಾಲ್ ಆಗತ್ತಲ್ಲ, ಮತ್ತೆ ಸೋರ್ಸಿಂದ ಯಾಕೆ ತಲೆ ಕೆಡಿಸ್ಕೋಬೇಕು?

ಬಹಳಷ್ಟು ಜನ ಕೆಡಿಸ್ಕೋಬಾರ್ದು ಅನ್ನೋದೇ ನನ್ ಉತ್ತರ. ಸೋರ್ಸಿಂದ ಹಾಕ್ಕೊಂಡ ಕ್ಷಣದಿಂದ ಅಪ್‌ಡೇಟ್ ಮಾಡೋ ಜವಾಬ್ದಾರಿ ನಿಮ್ಮ ತಲೆ ಮೇಲೆ ಬರತ್ತೆ, ಡಿಸ್ಟ್ರೋದೋರು (ಉಬುಂಟು, ಡೆಬಿಯನ್ ಥರ ಲಿನಕ್ಸ್ ಕೊಡೋರು) ನಿಮ್ಮ ಪರವಾಗಿ ಏನೂ ಮಾಡಲ್ಲ. ಆದ್ರೂ ಕೆಲವು ಸಂದರ್ಭದಲ್ಲಿ ಬೇಕೇಬೇಕು: ನಿಮ್ಮ ಸಿಸ್ಟಮ್ ತೀರಾ ಹಳೇದಾಗಿ ಅದರ ಪ್ಯಾಕೇಜ್‌ಗೆ ಅಪ್‌ಡೇಟ್ ಬರೋದೇ ನಿಂತಿದ್ರೆ, ನಿಮಗೆ ರೂಟ್ (ಅಡ್ಮಿನ್) ಪರ್ಮಿಷನ್ ಇಲ್ಲದ ಸರ್ವರಲ್ಲಿ ಹೊಸ ವರ್ಷನ್ ಬೇಕಾದ್ರೆ, ಪ್ಯಾಕೇಜೇ ಸಿಗದ ಸಣ್ಣ ಡಿವೈಸ್‌ಗೆ ಹಾಕ್ಬೇಕಾದ್ರೆ, ಅಥವಾ ಕೋಡಲ್ಲಿ ಏನೋ ಬದಲಾಯಿಸಿ ನೋಡ್ಬೇಕು ಅಂತಿದ್ರೆ. ಇನ್ನು "ಸೋರ್ಸಿಂದ ಮಾಡಿದ್ರೆ ಸ್ಪೀಡ್ ಜಾಸ್ತಿ ಆಗತ್ತೆ" ಅನ್ನೋರ ಮಾತನ್ನ ಕಿವಿಗೆ ಹಾಕ್ಕೋಬೇಡಿ, ಆರ್‌ಸಿಂಕ್ ನಿಧಾನ ಆಗೋದು ಸಾಮಾನ್ಯವಾಗಿ ಡಿಸ್ಕ್ ಅಥವಾ ನೆಟ್‌ವರ್ಕ್‌ನಿಂದ.

ನಂಗೆ ಸಿ ಪ್ರೋಗ್ರಾಮಿಂಗ್ ಬರಲ್ಲ, ಆದ್ರೂ ಮಾಡಬಹುದಾ?

ಮಾಡಬಹುದು. ಬೇಕಾಗಿರೋದು ಕೋಡ್ ಬರೆಯೋ ಜ್ಞಾನ ಅಲ್ಲ, ಎರರ್ ಬಂದಾಗ ಅದನ್ನ ಪೂರ್ತಿ ಓದೋ ತಾಳ್ಮೆ.

ವಿಂಡೋಸಲ್ಲಿ, ಮ್ಯಾಕಲ್ಲಿ ಇದು ಆಗತ್ತಾ?

ವಿಂಡೋಸಲ್ಲಿ ನೇರವಾಗಿ ಆಗಲ್ಲ, ಆರ್‌ಸಿಂಕ್ ಯುನಿಕ್ಸ್ ಥರದ ವಾತಾವರಣ ಇರತ್ತೆ ಅಂತಾನೇ ಬರೆದಿರೋ ಪ್ರೋಗ್ರಾಮು. ಡಬ್ಲ್ಯೂಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ವ್ಯವಸ್ಥೆ) ಒಳಗೆ ಮಾಡಿದ್ರೆ ಲಿನಕ್ಸ್‌ನಲ್ಲಿ ಮಾಡಿದ ಹಾಗೇ, ಇಲ್ಲಾಂದ್ರೆ ವಿಂಡೋಸ್‌ನಲ್ಲಿ ಯುನಿಕ್ಸ್ ಥರದ ವಾತಾವರಣ ಕೊಡೋ ಸಿಗ್ವಿನ್.

ಮ್ಯಾಕ್ ಕಥೆ ಬೇರೆ. ಆರ್‌ಸಿಂಕ್ 3.0.0 ಬಂದಾಗ, 2008ರಲ್ಲಿ, ಲೈಸೆನ್ಸ್ ಜಿಪಿಎಲ್ 3ಕ್ಕೆ ಬದಲಾಯ್ತು, ಆಪಲ್ ಮಾತ್ರ ವರ್ಷಗಟ್ಟಲೆ 2006ರ 2.6.9ರಲ್ಲೇ ಕೂತಿತ್ತು, ಆಮೇಲೆ ಈಚಿನ ಮ್ಯಾಕ್‌ಒಎಸ್‌ನಲ್ಲಿ ಅದನ್ನ ತೆಗೆದು ಓಪನ್‌ಬಿಎಸ್‌ಡಿಯೋರ ಓಪನ್‌ಆರ್‌ಸಿಂಕ್ ಹಾಕಿದೆ. ಅದು ಹೆಸರಿಗೆ ಆರ್‌ಸಿಂಕ್ ಆದ್ರೂ ಬೇರೆಯವರು ಬೇರೆಯಾಗಿ ಬರೆದ ಪ್ರೋಗ್ರಾಮು, ಎಲ್ಲಾ ಆಪ್ಷನ್ ಇಲ್ಲ. ಅಂದ್ರೆ ಮ್ಯಾಕ್ ಇಟ್ಕೊಂಡಿರೋರಿಗೆ ಹೊಸ ಆರ್‌ಸಿಂಕ್ ಹಾಕ್ಕೊಳ್ಳೋಕೆ ನಿಜವಾದ ಕಾರಣ ಇದೆ. ಎಕ್ಸ್‌ಕೋಡ್‌ನ ಕಮಾಂಡ್ ಲೈನ್ ಟೂಲ್ಸ್ ಇದ್ರೆ ಕಂಪೈಲರ್ ಸಿಗತ್ತೆ, ಲೈಬ್ರರಿಗಳನ್ನ ಹೋಮ್‌ಬ್ರೂ ಅನ್ನೋ ಪ್ಯಾಕೇಜ್ ಮ್ಯಾನೇಜರಿಂದ ತಗೊಳ್ಳಿ.

ಟಾರ್ ಫೈಲ್ ಡೌನ್‌ಲೋಡ್ ಮಾಡೋದಾ, ಗಿಟ್ ಕ್ಲೋನ್ ಮಾಡೋದಾ?

ಬರೀ ಬಳಸೋಕೆ ಅಂದ್ರೆ ಟಾರ್ ಫೈಲ್ (ಸೋರ್ಸ್ ಎಲ್ಲ ಒಂದೇ ಕಟ್ಟಲ್ಲಿ), ಎರಡನೇ ಮಾತೇ ಇಲ್ಲ. ರಿಲೀಸ್ ಮಾಡಿದ ಟಾರ್ ಫೈಲಲ್ಲಿ ಕಾನ್ಫಿಗರ್ ಸ್ಕ್ರಿಪ್ಟು, ಮ್ಯಾನ್ ಪೇಜುಗಳೆಲ್ಲ (ಕಮಾಂಡಿನ ಕೈಪಿಡಿ) ರೆಡಿ ಮಾಡಿಟ್ಟಿರ್ತಾರೆ. ಗಿಟ್‌ನಲ್ಲಿ (ಕೋಡ್ ಬರೆಯೋರು ತಮ್ಮ ಬದಲಾವಣೆ ಇಡೋ ಜಾಗ) ಅವು ಇರಲ್ಲ, ನಿಮ್ಮ ಮಷಿನ್ನಲ್ಲೇ ತಯಾರಾಗ್ಬೇಕು, ಅದಕ್ಕೆ ಆಟೋಕಾನ್ಫ್ ಬೇಕು, ಮ್ಯಾನ್ ಪೇಜ್‌ಗೆ ಪೈಥಾನ್ 3 ಜೊತೆಗೆ ಸಿಮಾರ್ಕ್‌ಜಿಎಫ್‌ಎಂ ಅಥವಾ ಕಾಮನ್‌ಮಾರ್ಕ್ ಅನ್ನೋ ಪೈಥಾನ್ ಲೈಬ್ರರಿ ಬೇಕು. ಗಿಟ್‌ನಿಂದಾನೇ ಬೇಕು ಆದ್ರೆ ಮ್ಯಾನ್ ಪೇಜ್ ಬೇಡ ಅಂದ್ರೆ 'ಡಿಸೇಬಲ್ ಎಂಡಿ2ಮ್ಯಾನ್' ಆಪ್ಷನ್ ಕೊಟ್ರೆ ಆ ತಲೆನೋವು ತಪ್ಪತ್ತೆ. ಗಿಟ್ ತಗೊಂಡ್ರೂ ಮಾಸ್ಟರ್ ಬ್ರಾಂಚ್ ಬಿಟ್ಟು ರಿಲೀಸ್ ಟ್ಯಾಗ್ ಚೆಕ್‌ಔಟ್ ಮಾಡ್ಕೊಳ್ಳಿ, ಬ್ಯಾಕಪ್ ತಗೊಳ್ಳೋ ಟೂಲಲ್ಲಿ ಅರ್ಧ ಬೆಂದ ಕೋಡ್ ಇಟ್ಕೊಳ್ಳೋ ಶೋಕಿ ಯಾರಿಗೂ ಬೇಡ.

ಡೌನ್‌ಲೋಡ್ ಆಗಿರೋ ಫೈಲ್ ಅಸಲಿನೇ ಅಂತ ಹೇಗೆ ಗೊತ್ತಾಗತ್ತೆ?

ಆರ್‌ಸಿಂಕ್ ಸಿಗೋ ಸಾಂಬಾ ಸೈಟ್‌ನ ಡೌನ್‌ಲೋಡ್ ಫೋಲ್ಡರಲ್ಲಿ ಪ್ರತಿ ಟಾರ್ ಫೈಲ್ ಪಕ್ಕದಲ್ಲೇ ಅದೇ ಹೆಸರಿನ ಎಎಸ್‌ಸಿ ಫೈಲ್ ಇರತ್ತೆ, ಅದು ರಿಲೀಸ್ ಮಾಡಿದೋರ ಜಿಪಿಜಿ ಸಹಿ. ಎರಡನ್ನೂ ಒಂದೇ ಫೋಲ್ಡರಲ್ಲಿ ಇಟ್ಕೊಂಡು ಜಿಪಿಜಿಯ ವೆರಿಫೈ ಓಡಿಸಿ. "ಗುಡ್ ಸಿಗ್ನೇಚರ್" ಅಂತ ಬಂದು ಅದರ ಕೆಳಗೆ ಈ ಕೀ ಮೇಲೆ ನಂಬಿಕೆ ಇಲ್ಲ ಅಂತ ವಾರ್ನಿಂಗ್ ಬಂದ್ರೆ ಗಾಬರಿ ಆಗ್ಬೇಡಿ, ನೀವು ಆ ಕೀಗೆ ಟ್ರಸ್ಟ್ ಕೊಟ್ಟಿಲ್ಲ ಅಂತ ಅಷ್ಟೇ ಅದರರ್ಥ. "ಬ್ಯಾಡ್ ಸಿಗ್ನೇಚರ್" ಬಂದ್ರೆ ಮಾತ್ರ ಆ ಫೈಲ್ ಡಿಲೀಟ್ ಮಾಡಿ ಮತ್ತೆ ತನ್ನಿ.

## ಬಿಲ್ಡ್ ಮಾಡೋವಾಗ

ಮೊದ್ಲು ಏನೇನು ಹಾಕ್ಕೊಂಡಿರ್ಬೇಕು? ಲಿಸ್ಟ್ ಕೊಡಿ ಸರ್

ಸಿ ಕಂಪೈಲರ್ ಅಂದ್ರೆ ಜಿಸಿಸಿ ಅಥವಾ ಕ್ಲ್ಯಾಂಗ್, ಮೇಕ್, ಜೊತೆಗೆ ಗಾಕ್ (ಟೆಕ್ಸ್ಟ್ ಸಂಸ್ಕರಿಸೋ ಟೂಲ್). 64 ಬಿಟ್ ಇಂಟೆಲ್-ಎಎಂಡಿ ಮಷಿನ್ ಆದ್ರೆ ಜಿ ಪ್ಲಸ್ ಪ್ಲಸ್ ಕೂಡ ಹಾಕ್ಕೊಳ್ಳಿ, ಚೆಕ್‌ಸಮ್‌ನ ವೇಗವಾಗಿ ಮಾಡೋ ಭಾಗ ಸಿ ಪ್ಲಸ್ ಪ್ಲಸ್‌ನಲ್ಲಿದೆ. ಲೈಬ್ರರಿಗಳಲ್ಲಿ ಎಕ್ಸ್‌ಎಕ್ಸ್‌ಹ್ಯಾಶ್ (ಚೆಕ್‌ಸಮ್‌ಗೆ), ಝಡ್‌ಸ್ಟ್ಯಾಂಡರ್ಡ್ ಮತ್ತೆ ಎಲ್‌ಝಡ್4 (ಕಂಪ್ರೆಷನ್‌ಗೆ), ಓಪನ್‌ಎಸ್‌ಎಸ್‌ಎಲ್ (ಎಂಡಿ5 ಥರದ ಹ್ಯಾಶ್‌ಗಳನ್ನ ಬೇಗ ಮಾಡೋಕೆ), ಲಿನಕ್ಸಲ್ಲಿ ಎಸಿಎಲ್ (ಫೈಲನ್ನ ಯಾರು ಏನ್ ಮಾಡಬಹುದು ಅನ್ನೋ ಪಟ್ಟಿಗೆ) ಮತ್ತೆ ಆ್ಯಟ್ರ್ (ಫೈಲ್ ಜೊತೆಗಿರೋ ಹೆಚ್ಚುವರಿ ಮಾಹಿತಿಗೆ). ಪಾಪ್ಟ್ (ಆಪ್ಷನ್ ಓದೋಕೆ) ಮತ್ತೆ ಝಡ್‌ಲಿಬ್ (ಕಂಪ್ರೆಷನ್‌ಗೆ) ಎರಡರ ಕಾಪಿ ಸೋರ್ಸ್ ಜೊತೆಗೇ ಬರತ್ತೆ, ಅದರ ಚಿಂತೆ ಬೇಡ.

ಇಲ್ಲಿ ಎಲ್ರೂ ಎಡವೋ ಜಾಗ ಒಂದಿದೆ. ಲೈಬ್ರರಿ ಇದ್ರೆ ಸಾಲಲ್ಲ, ಅದರ ಡೆವ್ ಪ್ಯಾಕೇಜ್ ಬೇಕು. ಡೆಬಿಯನ್, ಉಬುಂಟುನಲ್ಲಿ ಹೆಸರಿನ ಕೊನೆಗೆ ಡೆವ್ ಅಂತ ಇರತ್ತೆ, ಫೆಡೋರಾ ಕಡೆ ಡೆವೆಲ್ ಅಂತ. ಓಡೋಕೆ ಬೇಕಾದ ಫೈಲ್ ಬೇರೆ, ಕಂಪೈಲ್ ಮಾಡೋಕೆ ಬೇಕಾದ ಹೆಡರ್ ಫೈಲ್ ಬೇರೆ, ಡೆವ್ ಪ್ಯಾಕೇಜಲ್ಲಿ ಇರೋದು ಆ ಹೆಡರ್‌ಗಳು.

ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಅಂತ ಎಲ್ರೂ ಮಂತ್ರದ ಥರ ಹೇಳ್ತಾರೆ, ಒಂದೊಂದೂ ನಿಜವಾಗ್ಲೂ ಏನ್ ಮಾಡತ್ತೆ?

ಕಾನ್ಫಿಗರ್ ಅನ್ನೋದು ಒಂದು ಶೆಲ್ ಸ್ಕ್ರಿಪ್ಟು. ಅದು ನಿಮ್ಮ ಮಷಿನ್ನಲ್ಲಿ ಏನಿದೆ ಏನಿಲ್ಲ ಅಂತ ಸಣ್ಣ ಸಣ್ಣ ಪ್ರೋಗ್ರಾಮ್ ಕಂಪೈಲ್ ಮಾಡಿ ನೋಡ್ಕೊಂಡು, ಅದಕ್ಕೆ ತಕ್ಕಂಗೆ ಮೇಕ್‌ಫೈಲ್ ಅನ್ನೋದನ್ನ ಬರೆದಿಡತ್ತೆ. ಅದು ಇರೋ ಫೋಲ್ಡರ್ ಒಳಗೇ ನಿಂತ್ಕೊಂಡು ಮುಂದೆ ಡಾಟ್ ಸ್ಲ್ಯಾಶ್ ಹಾಕಿ ಓಡಿಸ್ಬೇಕು, ಇಲ್ಲಾಂದ್ರೆ ಕಮಾಂಡ್ ನಾಟ್ ಫೌಂಡ್ ಅನ್ನತ್ತೆ. ಮೇಕ್ ಆ ಮೇಕ್‌ಫೈಲ್ ಓದಿ ಕೋಡನ್ನ ಕಂಪೈಲ್ ಮಾಡತ್ತೆ, ಕೊನೆಗೆ ಅದೇ ಫೋಲ್ಡರಲ್ಲಿ ಆರ್‌ಸಿಂಕ್ ಅನ್ನೋ ಫೈಲ್ ಬಂದು ಕೂರತ್ತೆ, ಅದನ್ನ ಅಲ್ಲಿಂದ್ಲೇ ಓಡಿಸಿ ನೋಡಬಹುದು, ಇನ್‌ಸ್ಟಾಲ್ ಮಾಡ್ಲೇಬೇಕು ಅಂತೇನಿಲ್ಲ! ಮೇಕ್ ಇನ್‌ಸ್ಟಾಲ್ ಮಾಡೋದು ಬರೀ ಕಾಪಿ ಕೆಲಸ, ಬೈನರಿ ಮತ್ತೆ ಮ್ಯಾನ್ ಪೇಜನ್ನ ಸರಿಯಾದ ಜಾಗಕ್ಕೆ ಹಾಕತ್ತೆ, ಡೀಫಾಲ್ಟ್ ಆಗಿ ಯೂಎಸ್‌ಆರ್ ಒಳಗಿನ ಲೋಕಲ್ ಫೋಲ್ಡರ್‌ಗೆ. ಅದಕ್ಕೇ ಸುಡೋ (ರೂಟ್ ಆಗಿ ಓಡಿಸೋ ಕಮಾಂಡ್) ಬೇಕಾಗೋದು ಈ ಕೊನೇ ಹೆಜ್ಜೆಗೆ ಮಾತ್ರ. ಮೊದಲ ಎರಡನ್ನೂ ಸುಡೋ ಹಾಕಿ ಓಡಿಸೋರು ಇದಾರೆ, ದಯವಿಟ್ಟು ಬೇಡ, ಆಮೇಲೆ ಫೋಲ್ಡರ್ ತುಂಬಾ ರೂಟ್ ಹೆಸರಲ್ಲಿ ಫೈಲ್ ಉಳ್ಕೊಂಡು ಸಾದಾ ಯೂಸರ್ ಆಗಿ ಮತ್ತೆ ಮೇಕ್ ಮಾಡೋಕೂ ಆಗಲ್ಲ.

ಎಕ್ಸ್‌ಎಕ್ಸ್‌ಹ್ಯಾಶ್ ಹೆಡರ್ ಸಿಗ್ಲಿಲ್ಲ ಅಂತ ಕಾನ್ಫಿಗರ್ ನಿಂತೋಯ್ತು, ಈಗ ಏನ್ ಮಾಡ್ಲಿ?

ಎರಡು ದಾರಿ. ಡೆವ್ ಪ್ಯಾಕೇಜ್ ಹಾಕಿ ಕಾನ್ಫಿಗರ್ ಮತ್ತೆ ಓಡಿಸಿ, ಅಥವಾ ಅದು ಬೇಡ ಅಂತ 'ಡಿಸೇಬಲ್ ಎಕ್ಸ್‌ಎಕ್ಸ್‌ಹ್ಯಾಶ್' ಆಪ್ಷನ್ ಕೊಡಿ. ಆರ್‌ಸಿಂಕ್‌ನ ಕಾನ್ಫಿಗರ್ ಈ ವಿಷ್ಯದಲ್ಲಿ ಒಳ್ಳೇದು, ಏನೇನು ಸಿಗ್ಲಿಲ್ಲ ಅಂತ ಎಲ್ಲಾ ಒಟ್ಟಿಗೆ ಪಟ್ಟಿ ಮಾಡಿ, ಯಾವ್ಯಾವ ಡಿಸೇಬಲ್ ಆಪ್ಷನ್ ಕೊಡಬಹುದು ಅಂತಾನೂ ಕೆಳಗೆ ಬರೆದಿರತ್ತೆ, ಜನ ಕೊನೇ ಸಾಲು ಮಾತ್ರ ಓದಿ ಕೇಳೋಕೆ ಬರ್ತಾರೆ.

ಪ್ಯಾಕೇಜ್ ಹಾಕಿದ ಮೇಲೂ ಅದೇ ಎರರ್ ಬಂದ್ರೆ, ಅದು ಕಂಪೈಲರ್ ಹುಡುಕದ ಜಾಗದಲ್ಲಿ ಕೂತಿದೆ ಅಂತ ಅರ್ಥ. ಆಪಲ್ ಚಿಪ್ ಇರೋ ಮ್ಯಾಕಲ್ಲಿ ಇದು ಮಾಮೂಲು, ಅಲ್ಲಿ ಹೋಮ್‌ಬ್ರೂ ಎಲ್ಲಾನೂ ಆಪ್ಟ್ ಫೋಲ್ಡರ್ ಒಳಗಿನ ಹೋಮ್‌ಬ್ರೂನಲ್ಲಿ ಇಡತ್ತೆ. ಸಿಪಿಪಿಫ್ಲ್ಯಾಗ್ಸ್ ಅನ್ನೋ ವೇರಿಯಬಲ್‌ನಲ್ಲಿ ಅದರ ಇನ್‌ಕ್ಲೂಡ್ ಫೋಲ್ಡರನ್ನ, ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ಲಿಬ್ ಫೋಲ್ಡರನ್ನ ಕೊಟ್ಟು ಕಾನ್ಫಿಗರ್ ಓಡಿಸಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಕಾನ್ಫಿಗ್ ಡಾಟ್ ಲಾಗ್ ಫೈಲ್ ತೆಗೆದು ಎಕ್ಸ್‌ಎಕ್ಸ್‌ಹ್ಯಾಶ್ ಅಂತ ಹುಡುಕಿ, ಯಾವ ಕಮಾಂಡ್ ಓಡಿಸ್ತು, ಕಂಪೈಲರ್ ಏನಂತ ಬೈದಿದೆ ಅಂತ ಅಕ್ಷರಶಃ ಅಲ್ಲೇ ಇರತ್ತೆ.

ಇನ್ನು "ಸಿ ಕಂಪೈಲರೇ ಸಿಗ್ಲಿಲ್ಲ" ಅಂತ ಬಂದ್ರೆ ಮೇಲಿಂದೇನೂ ಬೇಡ, ಜಿಸಿಸಿ ಹಾಕ್ಕೊಂಡಿಲ್ಲ ಅಷ್ಟೇ.

ಆಪ್ಷನ್ ಬದಲಾಯಿಸಿ ಮತ್ತೆ ಮೇಕ್ ಕೊಟ್ಟೆ, ಆದ್ರೂ ವಿಚಿತ್ರ ಎರರ್ ಬರ್ತಿದೆ

ಹಿಂದಿನ ಸಲದ ಆಬ್ಜೆಕ್ಟ್ ಫೈಲುಗಳು ಅಲ್ಲೇ ಉಳ್ಕೊಂಡು ಹೊಸದರ ಜೊತೆ ಜಗಳ ಆಡ್ತಿರತ್ತವೆ. ಮೇಕ್ ಡಿಸ್ಟ್‌ಕ್ಲೀನ್ ಕೊಟ್ಟು ಮೊದ್ಲಿಂದ ಶುರು ಮಾಡಿ. ಬರೀ ಕ್ಲೀನ್ ಕೊಟ್ರೆ ಕಾನ್ಫಿಗರ್ ಬರೆದಿಟ್ಟ ಫೈಲುಗಳು ಹಾಗೇ ಇರತ್ತವೆ.

ಮೇಕ್ ಚೆಕ್ ಓಡಿಸಿದ್ರೆ ಒಂದಷ್ಟು ಟೆಸ್ಟ್ ಸ್ಕಿಪ್ ಅಂತ ಬರತ್ತೆ, ಬಿಲ್ಡ್ ಹಾಳಾಗಿದ್ಯಾ?

ಇಲ್ಲ. ಫೈಲಿನ ಓನರ್ ಬದಲಾಯಿಸೋದು, ಡಿವೈಸ್ ಫೈಲ್ ಮಾಡೋದು ಇಂಥ ಟೆಸ್ಟುಗಳಿಗೆ ರೂಟ್ ಬೇಕು, ನೀವು ಸಾದಾ ಯೂಸರ್ ಆಗಿದ್ರೆ ಅವನ್ನ ಬಿಟ್ಟು ಮುಂದೆ ಹೋಗತ್ತೆ. ನೀವು ಡಿಸೇಬಲ್ ಮಾಡಿರೋ ಫೀಚರಿನ ಟೆಸ್ಟೂ ಅಷ್ಟೇ. ನೋಡ್ಬೇಕಾಗಿರೋದು ಫೇಲ್ ಅಂತ ಇರೋದನ್ನ. ಈ ಹೆಜ್ಜೆನ ಹೆಚ್ಚಿನ ಜನ ಹಾರಿಸಿಬಿಡ್ತಾರೆ, ಬೇರೆ ಪ್ರೋಗ್ರಾಮಿಗೆ ಪರ್ವಾಗಿಲ್ಲ, ಆದ್ರೆ ಫೈಲ್ ಡಿಲೀಟ್ ಮಾಡೋ ಶಕ್ತಿ ಇರೋ ಟೂಲಿಗೆ ಹಾರಿಸಬಾರ್ದು.

ಸರ್ವರಲ್ಲಿ ನಂಗೆ ಸುಡೋ ಇಲ್ಲ, ಆದ್ರೂ ಹೊಸ ವರ್ಷನ್ ಬೇಕು

ಕಾನ್ಫಿಗರ್‌ಗೆ ಪ್ರಿಫಿಕ್ಸ್ ಅನ್ನೋ ಆಪ್ಷನಲ್ಲಿ ನಿಮ್ಮ ಹೋಮ್ ಒಳಗಿನ ಯಾವ್ದಾದ್ರೂ ಫೋಲ್ಡರ್ ಕೊಡಿ, ಉದಾಹರಣೆಗೆ ಹೋಮ್ ಒಳಗೆ ಆಪ್ಸ್, ಅದರೊಳಗೆ ವರ್ಷನ್ ಹೆಸರಿನ ಫೋಲ್ಡರ್. ಆಮೇಲೆ ಮೇಕ್ ಇನ್‌ಸ್ಟಾಲ್‌ಗೆ ಸುಡೋನೇ ಬೇಡ. ನಿಜ ಹೇಳ್ಬೇಕಂದ್ರೆ ಸುಡೋ ಇದ್ರೂ ನಾನು ಹೀಗೇ ಮಾಡಿ ಅಂತ ಹೇಳೋದು, ಸಿಸ್ಟಮ್ ಫೋಲ್ಡರ್ ಮುಟ್ಟಲ್ಲ, ಬೇಡ ಅಂದಾಗ ಒಂದು ಫೋಲ್ಡರ್ ಡಿಲೀಟ್ ಮಾಡಿದ್ರೆ ಮುಗೀತು, ಎರಡು ವರ್ಷನ್ ಪಕ್ಕಪಕ್ಕ ಇಟ್ಕೊಂಡು ಹೋಲಿಸಿ ನೋಡೋಕೂ ಆಗತ್ತೆ. ಸಿಸ್ಟಮ್ ಪ್ಯಾಕೇಜ್ ಮ್ಯಾನೇಜರ್ ಬಳಸೋ ಯೂಎಸ್‌ಆರ್ ಫೋಲ್ಡರನ್ನೇ ಪ್ರಿಫಿಕ್ಸ್ ಆಗಿ ಕೊಟ್ಟು ಡಿಸ್ಟ್ರೋದ ಫೈಲ್ ಮೇಲೇ ಬರೆಯೋದು ಮಾತ್ರ ಬೇಡವೇ ಬೇಡ, ಮುಂದಿನ ಸಲ ಸಿಸ್ಟಮ್ ಅಪ್‌ಡೇಟ್ ಆದಾಗ ನಿಮ್ಮ ಬಿಲ್ಡ್ ಸದ್ದಿಲ್ಲದೆ ಮಾಯ ಆಗತ್ತೆ.

## ಇನ್‌ಸ್ಟಾಲ್ ಆದ್ಮೇಲೆ

ಎಲ್ಲಾ ಸರಿಯಾಗಿ ಇನ್‌ಸ್ಟಾಲ್ ಆಯ್ತು, ಆದ್ರೆ ವರ್ಷನ್ ಕೇಳಿದ್ರೆ ಹಳೇದೇ ತೋರಿಸ್ತಿದೆ!

ಈ ಪ್ರಶ್ನೆ ಬರದ ವಾರ ಇಲ್ಲ. ಮಷಿನ್ನಲ್ಲಿ ಈಗ ಎರಡು ಆರ್‌ಸಿಂಕ್ ಇದೆ, ಡಿಸ್ಟ್ರೋದ್ದು ಒಂದು ನಿಮ್ದು ಒಂದು, ಶೆಲ್ ಪಾತ್‌ನಲ್ಲಿ (ಕಮಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಯಾವ ಫೋಲ್ಡರ್ ಮೊದ್ಲು ಬರತ್ತೋ ಅದನ್ನ ಎತ್ಕೊಳ್ಳತ್ತೆ. 'ಟೈಪ್' ಕಮಾಂಡಿಗೆ ಮೈನಸ್ ಎ ಹಾಕಿ ಆರ್‌ಸಿಂಕ್ ಅಂತ ಕೊಡಿ, ಎಲ್ಲಾ ಕಾಪಿಗಳೂ ಕ್ರಮವಾಗಿ ಕಾಣತ್ತವೆ. ನಿಮ್ಮದು ಎರಡನೇದಾಗಿ ಬಂದ್ರೆ ಪಾತ್‌ನಲ್ಲಿ ನಿಮ್ಮ ಫೋಲ್ಡರನ್ನ ಮುಂದಕ್ಕೆ ತನ್ನಿ. ಮೊದಲನೇದಾಗಿ ಬಂದೂ ಹಳೇದೇ ಓಡ್ತಿದ್ರೆ ಬ್ಯಾಶ್ ಹಳೇ ಜಾಗನ ನೆನಪಿಟ್ಕೊಂಡಿದೆ, 'ಹ್ಯಾಶ್ ಮೈನಸ್ ಆರ್' ಕೊಡಿ ಅಥವಾ ಹೊಸ ಟರ್ಮಿನಲ್ ತೆಗೀರಿ.

ಕ್ರಾನ್‌ನಲ್ಲಿ (ನಿಗದಿ ಮಾಡಿದ ಸಮಯಕ್ಕೆ ಕಮಾಂಡ್ ಓಡಿಸೋ ವ್ಯವಸ್ಥೆ) ಓಡೋ ಬ್ಯಾಕಪ್‌ಗೆ ಇದೆಲ್ಲ ಅನ್ವಯಿಸಲ್ಲ, ಅದರ ಪಾತ್ ತುಂಬಾ ಚಿಕ್ಕದು, ನೀವು ಬ್ಯಾಶ್‌ಆರ್‌ಸಿಯಲ್ಲಿ (ಬ್ಯಾಶ್ ಶೆಲ್ ಶುರುವಾಗುವಾಗ ಓದೋ ಫೈಲ್) ಬರೆದಿದ್ದನ್ನ ಅದು ಓದಲ್ಲ. ಅಲ್ಲಿ ಪೂರ್ತಿ ಪಾತ್ ಬರೆದೇ ಆರ್‌ಸಿಂಕ್ ಕರೀಬೇಕು.

ಆ ಕಡೆ ಇರೋ ಮಷಿನ್ನಲ್ಲೂ ಹೊಸದು ಹಾಕ್ಬೇಕಾ, ನಮ್ಮ ಕಡೆ ಮಾತ್ರ ಸಾಕಾ?

ಕೆಲಸ ನಡಿಯೋಕೆ ಒಂದು ಕಡೆ ಸಾಕು, ಬೇರೆಬೇರೆ ವರ್ಷನ್‌ಗಳು ಮಾತಾಡ್ಕೊಂಡು ಇಬ್ಬರಿಗೂ ಗೊತ್ತಿರೋ ಪ್ರೊಟೊಕಾಲ್‌ಗೆ ಇಳಿಯತ್ತವೆ. ಆದ್ರೆ ಲಾಭ ಸಿಗೋಕೆ ಎರಡೂ ಕಡೆ ಬೇಕು. ಎಕ್ಸ್‌ಎಕ್ಸ್‌ಹ್ಯಾಶ್, ಝಡ್‌ಸ್ಟ್ಯಾಂಡರ್ಡ್, ಎಲ್‌ಝಡ್4 ಎಲ್ಲ ಬಂದಿದ್ದು 2020ರ 3.2.0ರಲ್ಲಿ, ಯಾವ್ದನ್ನ ಬಳಸೋದು ಅಂತ ಎರಡೂ ಕಡೆಯವ್ರು ಕನೆಕ್ಟ್ ಆದಾಗ ತೀರ್ಮಾನ ಮಾಡ್ಕೋತಾರೆ, ಒಬ್ಬನ ಹತ್ರ ಇಲ್ಲಾಂದ್ರೆ ಹಳೇ ಎಂಡಿ5, ಝಡ್‌ಲಿಬ್‌ಗೇ ಬರ್ತಾರೆ. ನೀವು ಇಷ್ಟೆಲ್ಲ ಲೈಬ್ರರಿ ಹುಡುಕಿ ಬಿಲ್ಡ್ ಮಾಡಿ ಆ ಕಡೆ 3.1 ಇದ್ರೆ ಆ ಶ್ರಮ ಅಷ್ಟೂ ನೀರಲ್ಲಿ ಹೋಮ. ವರ್ಷನ್ ಆಪ್ಷನ್ ಕೊಟ್ರೆ ಕೊನೇಲಿ ಚೆಕ್‌ಸಮ್ ಲಿಸ್ಟ್, ಕಂಪ್ರೆಸ್ ಲಿಸ್ಟ್ ಅಂತ ತೋರಿಸತ್ತೆ, ಎರಡೂ ಮಷಿನ್ನಲ್ಲಿ ಓಡಿಸಿ ಪಕ್ಕಪಕ್ಕ ಇಟ್ಟು ನೋಡಿ.

ಆ ಕಡೆ ನಿಮ್ಮ ಹೋಮ್ ಫೋಲ್ಡರಲ್ಲಿ ಹೊಸದು ಇದ್ರೂ ಎಸ್‌ಎಸ್‌ಎಚ್ (ಬೇರೆ ಮಷಿನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗೋ ವಿಧಾನ) ಮೂಲಕ ಹೋದಾಗ ಸಿಸ್ಟಮ್‌ನದ್ದೇ ಓಡತ್ತೆ, ಅದಕ್ಕೆ 'ಆರ್‌ಸಿಂಕ್ ಪಾತ್' ಅನ್ನೋ ಆಪ್ಷನ್ ಇದೆ, ಅದರಲ್ಲಿ ಆ ಕಡೆಯ ಪೂರ್ತಿ ಪಾತ್ ಕೊಡ್ಬೇಕು.

"ಪ್ರೊಟೊಕಾಲ್ ವರ್ಷನ್ ಮಿಸ್‌ಮ್ಯಾಚ್, ಈಸ್ ಯುವರ್ ಶೆಲ್ ಕ್ಲೀನ್" ಅಂತ ಬರ್ತಿದೆ, ಹಳೇ ವರ್ಷನ್‌ಗೆ ವಾಪಸ್ ಹೋಗ್ಲಾ?

ಬೇಡ, ಹೆಚ್ಚಿನ ಸಲ ವರ್ಷನ್‌ಗೂ ಇದಕ್ಕೂ ಸಂಬಂಧನೇ ಇಲ್ಲ. ಆ ಕಡೆ ಮಷಿನ್ನಿನ ಬ್ಯಾಶ್‌ಆರ್‌ಸಿ ಥರದ ಫೈಲಲ್ಲಿ ಯಾರೋ "ಸ್ವಾಗತ" ಅಂತ ಏನೋ ಎಕೋ ಹಾಕಿರ್ತಾರೆ, ಆರ್‌ಸಿಂಕ್ ಆ ಅಕ್ಷರಗಳನ್ನೇ ಪ್ರೊಟೊಕಾಲ್ ನಂಬರ್ ಅನ್ಕೊಂಡು ಓದಿ ಕಂಗಾಲಾಗತ್ತೆ. ಪರೀಕ್ಷೆ ಸುಲಭ, ಎಸ್‌ಎಸ್‌ಎಚ್ ಮೂಲಕ ಆ ಮಷಿನ್ನಲ್ಲಿ 'ಟ್ರೂ' ಅನ್ನೋ ಕಮಾಂಡ್ ಓಡಿಸಿ ಔಟ್‌ಪುಟ್ಟನ್ನ ಒಂದು ಫೈಲ್‌ಗೆ ತುಂಬಿ, ಆ ಫೈಲ್ ಸೈಜ್ 0 ಇರ್ಬೇಕು. ಒಂದು ಬೈಟ್ ಇದ್ರೂ ಅದೇ ಕಳ್ಳ. ಎಕೋ ಸಾಲನ್ನ ತೆಗೀರಿ ಅಥವಾ ಮನುಷ್ಯ ಲಾಗಿನ್ ಆದಾಗ ಮಾತ್ರ ಓಡೋ ಥರ ಮಾಡಿ.

ಹೊಸ ಬಿಲ್ಡನ್ನ ನಿಜವಾದ ಡೇಟಾ ಮೇಲೆ ಓಡಿಸೋಕೆ ಭಯ ಆಗತ್ತೆ, ಹೇಗೆ ಟೆಸ್ಟ್ ಮಾಡ್ಲಿ?

ಭಯ ಇರೋದೇ ಒಳ್ಳೇದು. ಮೈನಸ್ ಎನ್ ಅಂದ್ರೆ ಡ್ರೈ ರನ್, ಏನೂ ಬರೆಯಲ್ಲ; ಅದರ ಜೊತೆ ಮೈನಸ್ ಐ ಕೊಟ್ರೆ ಯಾವ ಫೈಲಲ್ಲಿ ಯಾವ ಬದಲಾವಣೆ ಮಾಡ್ತಿತ್ತು ಅಂತ ಸಾಲುಸಾಲಾಗಿ ಬರತ್ತೆ. ಹಳೇ ಬೈನರಿಲೂ ಹೊಸ ಬೈನರಿಲೂ ಒಂದೇ ಕಮಾಂಡ್ ಹೀಗೆ ಓಡಿಸಿ ಎರಡು ಔಟ್‌ಪುಟ್ಟನ್ನ ಡಿಫ್ ಮಾಡಿ ನೋಡಿ.

ಡೇಟಾ ಕಳ್ಕೊಂಡೋರ ಕಥೆ ಕೇಳಿದ್ರೆ ಬಹುತೇಕ ಎಲ್ಲದರಲ್ಲೂ ಎರಡೇ ಇರತ್ತೆ, ಡಿಲೀಟ್ ಆಪ್ಷನ್ ಮತ್ತೆ ಕೊನೇ ಸ್ಲ್ಯಾಶ್. ಸೋರ್ಸ್ ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಇದ್ರೆ ಅದರ ಒಳಗಿರೋದು ಹೋಗತ್ತೆ, ಇಲ್ಲಾಂದ್ರೆ ಫೋಲ್ಡರೇ ಹೋಗಿ ಆ ಕಡೆ ಒಳಗೆ ಕೂರತ್ತೆ. ಸ್ಲ್ಯಾಶ್ ತಪ್ಪಿಸಿ ಅದರ ಜೊತೆ ಡಿಲೀಟ್ ಸೇರಿಸಿ ಕೊಟ್ರೆ ಬೇಕಾಗಿರೋ ಫೈಲ್ ಹೋಗೋದು ಅಥವಾ ಹೋಗ್ಬೇಕಾಗಿರೋದು ಉಳಿಯೋದು ಎರಡರಲ್ಲಿ ಒಂದು ಗ್ಯಾರಂಟಿ. ಇದು ಯಾವ ವರ್ಷನ್‌ನಲ್ಲೂ ಹೀಗೇ, ಬಿಲ್ಡ್ ಮಾಡಿದೋರ ತಪ್ಪಲ್ಲ.

ಮೈನಸ್ ದೊಡ್ಡ ಎ ಕೊಟ್ರೆ "ಎಸಿಎಲ್ಸ್ ಆರ್ ನಾಟ್ ಸಪೋರ್ಟೆಡ್ ಆನ್ ದಿಸ್ ಕ್ಲೈಂಟ್" ಅನ್ನತ್ತೆ

ಕಂಪೈಲ್ ಆಗೋವಾಗ ಎಸಿಎಲ್ ಲೈಬ್ರರಿ ಸಿಕ್ಕಿಲ್ಲ. ಡೆವ್ ಪ್ಯಾಕೇಜ್ ಹಾಕಿ ಮೊದ್ಲಿಂದ ಬಿಲ್ಡ್ ಮಾಡಿ. ಮೆಸೇಜಲ್ಲಿ ಕ್ಲೈಂಟ್ ಬದ್ಲು ಸರ್ವರ್ ಅಂತಿದ್ರೆ ತಪ್ಪು ಆ ಕಡೆಯ ಬೈನರಿದು. ಅಂದಹಾಗೆ ಚಿಕ್ಕ ಎ ಅಂದ್ರೆ ಎಲ್ಲಾನೂ ಬರತ್ತೆ ಅನ್ನೋ ನಂಬಿಕೆ ತಪ್ಪು, ಅದರಲ್ಲಿ ಎಸಿಎಲ್, ಎಕ್ಸ್‌ಟೆಂಡೆಡ್ ಆ್ಯಟ್ರಿಬ್ಯೂಟ್, ಹಾರ್ಡ್‌ಲಿಂಕ್ ಮೂರೂ ಸೇರಿಲ್ಲ.

## ಇನ್ನೂ ಮುಂದೆ ಹೋಗೋರಿಗೆ

ಅನ್‌ಇನ್‌ಸ್ಟಾಲ್ ಹೇಗೆ? ಹೊಸ ರಿಲೀಸ್ ಬಂದಾಗ ಏನ್ ಮಾಡೋದು?

ವರ್ಷನ್‌ಗೊಂದು ಪ್ರಿಫಿಕ್ಸ್ ಕೊಟ್ಟಿದ್ರೆ ಆ ಫೋಲ್ಡರ್ ಡಿಲೀಟ್ ಮಾಡಿ, ಕೆಲಸ ಮುಗೀತು. ಯೂಎಸ್‌ಆರ್ ಲೋಕಲ್‌ಗೆ ಹಾಕಿದ್ರೂ ಕಷ್ಟ ಏನಿಲ್ಲ, ಬಿನ್‌ನಲ್ಲಿ ಆರ್‌ಸಿಂಕ್ ಮತ್ತೆ ಆರ್‌ಸಿಂಕ್-ಎಸ್‌ಎಸ್‌ಎಲ್, ಮ್ಯಾನ್ ಫೋಲ್ಡರುಗಳಲ್ಲಿ ಇವೆರಡರ ಪೇಜು, ಆರ್‌ಸಿಂಕ್‌ಡಿ ಕಾನ್ಫ್‌ನ ಪೇಜು, ಇಷ್ಟೇ ಇರೋದು, ಕೈಯಲ್ಲೇ ತೆಗೀಬಹುದು. ಹತ್ತಾರು ಟೂಲ್ ಹೀಗೆ ಸೋರ್ಸಿಂದ ಇಟ್ಕೊಳ್ಳೋರಾದ್ರೆ ಗ್ನೂ ಸ್ಟೋ ನೋಡಿ, ಲಿಂಕ್ ಹಾಕಿ ತೆಗೆಯೋದನ್ನ ಅದು ನೋಡ್ಕೊಳ್ಳತ್ತೆ.

ಅಪ್‌ಗ್ರೇಡ್ ಮಾಡುವಾಗ ಹೋದ ಸಲ ಯಾವ ಆಪ್ಷನ್ ಕೊಟ್ಟಿದ್ರಿ ಅನ್ನೋದು ಯಾರಿಗೂ ನೆನಪಿರಲ್ಲ. ಹಳೇ ಸೋರ್ಸ್ ಫೋಲ್ಡರಲ್ಲಿರೋ ಕಾನ್ಫಿಗ್ ಡಾಟ್ ಲಾಗ್‌ನ ಮೊದಲ ಸಾಲುಗಳಲ್ಲಿ ಆ ಕಮಾಂಡ್ ಹಾಗೇ ಇರತ್ತೆ, ಆ ಫೈಲ್ ಒಂದನ್ನಾದ್ರೂ ಎತ್ತಿಟ್ಕೊಳ್ಳಿ.

ಸೆಕ್ಯುರಿಟಿ ಅಪ್‌ಡೇಟ್ ಬಂದಿದೆ ಅಂತ ನಂಗೆ ಯಾರ್ ಹೇಳ್ತಾರೆ?

ಯಾರೂ ಹೇಳಲ್ಲ, ಅದೇ ಸೋರ್ಸ್ ಬಿಲ್ಡಿನ ದೊಡ್ಡ ಕಿರಿಕಿರಿ. 2025ರ ಜನವರಿಲಿ ಏನಾಯ್ತು ನೋಡಿ: ಒಟ್ಟು 6 ದೋಷಗಳನ್ನ ಸರಿಮಾಡಿ 3.4.0 ಬಂತು. ಅದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಡೀಮನ್‌ನಲ್ಲಿದ್ದ (ಹಿನ್ನೆಲೆಯಲ್ಲಿ ಸರ್ವರ್ ಆಗಿ ಓಡೋ ಆರ್‌ಸಿಂಕ್) ಹೀಪ್ ಬಫರ್ ಓವರ್‌ಫ್ಲೋ, ಅಂದ್ರೆ ಮೀಸಲಿಟ್ಟ ಮೆಮೊರಿ ಮೀರಿ ಬರೆಯೋ ದೋಷ, ಅದರ ನಂಬರ್ ಸಿವಿಇ-2024-12084, ತೀವ್ರತೆ 10ಕ್ಕೆ 9.8. ಇದನ್ನ ಇನ್ನೊಂದು ದೋಷದ ಜೊತೆ ಸೇರಿಸಿದ್ರೆ ಬರೀ ಓದೋಕೆ ಬಿಟ್ಟಿರೋ ಪಬ್ಲಿಕ್ ಸರ್ವರ್‌ಗೆ ಪಾಸ್‌ವರ್ಡ್ ಇಲ್ಲದೆ ಬಂದೋನು ಆ ಮಷಿನ್ನಲ್ಲಿ ತನ್ನ ಕೋಡ್ ಓಡಿಸಬಹುದಿತ್ತು. ಹೊಸದಕ್ಕೆ ಬಂದಿದಾರಾ ಇಲ್ವಾ ಅಂತ ಅಡ್ಮಿನ್‌ಗಳಿಗೆ ಸುಲಭವಾಗಿ ಗೊತ್ತಾಗ್ಲಿ ಅಂತ ಪ್ರೊಟೊಕಾಲ್ ನಂಬರನ್ನೂ 32ಕ್ಕೆ ಏರಿಸಿದ್ರು. 3.4.0ರಲ್ಲಿ ಸಣ್ಣ ತೊಂದರೆಗಳು ಕಂಡು ಬೆನ್ನಿಗೇ 3.4.1 ಬಂತು.

ಡಿಸ್ಟ್ರೋ ಪ್ಯಾಕೇಜ್ ಇದ್ದೋರಿಗೆ ಮಾಮೂಲಿ ಅಪ್‌ಡೇಟಲ್ಲೇ ಇದೆಲ್ಲ ಸರಿಹೋಯ್ತು. ಡೆಬಿಯನ್ 12ರೋರು 3.2.7ಕ್ಕೇ ಪ್ಯಾಚ್ ಹಾಕಿ ಕೊಟ್ರು, ಹಾಗಾಗಿ ವರ್ಷನ್ ನಂಬರ್ ಹಳೇದಿದೆ ಅಂದ ಮಾತ್ರಕ್ಕೆ ಡಿಸ್ಟ್ರೋದ್ದು ಅಪಾಯ ಅನ್ಕೋಬೇಡಿ, ಅದೇ ಸೋರ್ಸಿಂದ ಮಾಡಿದ 3.2.7 ಮಾತ್ರ ನಿಜಕ್ಕೂ ಅಪಾಯ. ಆರ್‌ಸಿಂಕ್‌ನ ಅನೌನ್ಸ್ ಮೇಲಿಂಗ್ ಲಿಸ್ಟ್‌ಗೆ ಸೇರ್ಕೊಳ್ಳಿ, ಇಲ್ಲಾ ಗಿಟ್‌ಹಬ್‌ನಲ್ಲಿ ರಿಲೀಸ್ ನೋಟಿಫಿಕೇಷನ್ ಆನ್ ಮಾಡಿ. ಅಷ್ಟೂ ಮಾಡೋಕೆ ಬೇಜಾರು ಅನ್ನೋರು ಸೋರ್ಸ್ ಬಿಲ್ಡ್ ಬಿಟ್ಟುಬಿಡಿ ಅಂತ ನೇರವಾಗೇ ಹೇಳ್ತೀನಿ.

ಡೀಮನ್ ಆಗಿ ಓಡಿಸ್ಬೇಕು, ಆದ್ರೆ ಸಿಸ್ಟಮ್‌ಡಿ ಸರ್ವಿಸೇ ಬಂದಿಲ್ಲ

ಮೇಕ್ ಇನ್‌ಸ್ಟಾಲ್ ಅದನ್ನ ಹಾಕಲ್ಲ. ಸೋರ್ಸ್ ಒಳಗೆ ಪ್ಯಾಕೇಜಿಂಗ್ ಫೋಲ್ಡರಲ್ಲಿ ಸಿಸ್ಟಮ್‌ಡಿ (ಲಿನಕ್ಸಲ್ಲಿ ಸರ್ವಿಸ್‌ಗಳನ್ನ ಶುರು ಮಾಡೋ ವ್ಯವಸ್ಥೆ) ಅಂತ ಇದೆ, ಅಲ್ಲಿರೋ ಸರ್ವಿಸ್ ಫೈಲನ್ನ ಕಾಪಿ ಮಾಡ್ಕೊಂಡು ಅದರಲ್ಲಿರೋ ಬೈನರಿ ಪಾತನ್ನ ನಿಮ್ಮ ಪಾತ್‌ಗೆ ಬದಲಾಯಿಸಿ, ಇಲ್ಲಾಂದ್ರೆ ಡೀಮನ್ ಆಗಿ ಓಡೋದು ಡಿಸ್ಟ್ರೋದ ಆರ್‌ಸಿಂಕೇ. ಪೋರ್ಟ್ 873. ಅದರಲ್ಲಿ ಹೋಗೋ ಡೇಟಾ ಎನ್‌ಕ್ರಿಪ್ಟ್ ಆಗಿರಲ್ಲ, ಆದ್ದರಿಂದ ಇಂಟರ್ನೆಟ್ ಮೇಲೆ ಹಾಯಿಸೋದಾದ್ರೆ ಎಸ್‌ಎಸ್‌ಎಚ್ ಮೂಲಕ ಮಾಡಿ. ಎಸ್‌ಎಸ್‌ಎಚ್‌ನಲ್ಲಿ ಬರೋನಿಗೆ ಒಂದೇ ಫೋಲ್ಡರ್ ಕಾಣ್ಬೇಕು ಅಂದ್ರೆ ಸೋರ್ಸ್ ಜೊತೆ ಆರ್‌ಆರ್‌ಸಿಂಕ್ ಅನ್ನೋ ಪೈಥಾನ್ ಸ್ಕ್ರಿಪ್ಟ್ ಬರತ್ತೆ, ಕಾನ್ಫಿಗರ್‌ಗೆ 'ವಿತ್ ಆರ್‌ಆರ್‌ಸಿಂಕ್' ಕೊಟ್ರೆ ಅದೂ ಇನ್‌ಸ್ಟಾಲ್ ಆಗತ್ತೆ.

ನನ್ನ ಲ್ಯಾಪ್‌ಟಾಪಲ್ಲಿ ಬಿಲ್ಡ್ ಮಾಡಿ ನ್ಯಾಸ್ ಬಾಕ್ಸ್‌ಗೆ (ನೆಟ್‌ವರ್ಕ್ ಸ್ಟೋರೇಜ್) ಕಾಪಿ ಮಾಡಿದೆ, ಓಡ್ತಾನೇ ಇಲ್ಲ

ಎರರ್ ಏನು ಅನ್ನೋದ್ರ ಮೇಲಿದೆ. "ಲಿಬ್‌ಎಕ್ಸ್‌ಎಕ್ಸ್‌ಹ್ಯಾಶ್ ತೆರೆಯೋಕೆ ಆಗ್ಲಿಲ್ಲ" ಥರ ಬಂದ್ರೆ ಲೈಬ್ರರಿ ಅಲ್ಲಿ ಇಲ್ಲ, ಎಲ್‌ಡಿಡಿ ಕಮಾಂಡಲ್ಲಿ ಏನೇನು ಬೇಕು ಅಂತ ಗೊತ್ತಾಗತ್ತೆ. "ಎಕ್ಸೆಕ್ ಫಾರ್ಮ್ಯಾಟ್ ಎರರ್" ಬಂದ್ರೆ ಪ್ರಾಸೆಸರೇ ಬೇರೆ, ಇಂಟೆಲ್‌ಗೆ ಮಾಡಿದ್ದು ಆರ್ಮ್ ಮೇಲೆ ಓಡಲ್ಲ, ಕ್ರಾಸ್ ಕಂಪೈಲರ್ (ಬೇರೆ ಪ್ರಾಸೆಸರ್‌ಗೆ ಬೈನರಿ ಮಾಡಿಕೊಡೋದು) ತಗೊಂಡು ಕಾನ್ಫಿಗರ್‌ಗೆ ಹೋಸ್ಟ್ ಆಪ್ಷನ್ ಕೊಡ್ಬೇಕು. ಕ್ರಾಸ್ ಮಾಡುವಾಗ ಟೆಸ್ಟ್ ಪ್ರೋಗ್ರಾಮುಗಳನ್ನ ಇಲ್ಲಿ ಓಡಿಸೋಕಾಗಲ್ಲ, ಹಾಗಾಗಿ ಕಾನ್ಫಿಗರ್ ಕೆಲವು ಕಡೆ ಊಹೆ ಮಾಡತ್ತೆ.

ಚಿಕ್ಕ ಡಿವೈಸ್‌ಗೆ ಚೆನ್ನಾಗಿ ಕೆಲಸ ಮಾಡೋದು ಸ್ಟ್ಯಾಟಿಕ್ ಬಿಲ್ಡ್ (ಲೈಬ್ರರಿಗಳೆಲ್ಲ ಬೈನರಿ ಒಳಗೇ ಸೇರಿರೋದು): ಎಕ್ಸ್‌ಎಕ್ಸ್‌ಹ್ಯಾಶ್, ಝಡ್‌ಸ್ಟ್ಯಾಂಡರ್ಡ್, ಎಲ್‌ಝಡ್4, ಓಪನ್‌ಎಸ್‌ಎಸ್‌ಎಲ್ ನಾಲ್ಕನ್ನೂ ಡಿಸೇಬಲ್ ಮಾಡಿ, ಒಳಗಿರೋ ಪಾಪ್ಟ್ ಮತ್ತೆ ಝಡ್‌ಲಿಬ್ಬನ್ನೇ ಬಳಸು ಅಂತ ಹೇಳಿ, ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ಸ್ಟ್ಯಾಟಿಕ್ ಕೊಡಿ. ಇದಕ್ಕೆ ಮಸಲ್ ಲಿಬ್‌ಸಿ (ಸಿ ಭಾಷೆಯ ಮೂಲ ಲೈಬ್ರರಿಗಳಲ್ಲಿ ಒಂದು) ಒಳ್ಳೇದು, ಯಾಕಂದ್ರೆ ಗ್ನೂ ಲಿಬ್‌ಸಿಲಿ ಸ್ಟ್ಯಾಟಿಕ್ ಮಾಡಿದ್ರೂ ಯೂಸರ್ ಹೆಸರು ಹುಡುಕೋ ಫಂಕ್ಷನ್‌ಗಳಿಗೆ ಓಡೋವಾಗ ಅದೇ ಲಿಬ್‌ಸಿಯ ಶೇರ್ಡ್ ಲೈಬ್ರರಿ ಬೇಕು ಅಂತ ಲಿಂಕರ್ ವಾರ್ನಿಂಗ್ ಕೊಡತ್ತೆ, ಆ ವಾರ್ನಿಂಗ್ ಸುಳ್ಳಲ್ಲ.

ಎರಡೂ ಕಡೆ ಫೈಲ್ ಬದಲಾಗತ್ತೆ, ಆರ್‌ಸಿಂಕನ್ನೇ ಎರಡು ಸಲ ಉಲ್ಟಾ-ಸೀದಾ ಓಡಿಸಿದ್ರೆ ಆಗಲ್ವಾ?

ಆಗಲ್ಲ. ಹೋದ ಸಲ ಏನಿತ್ತು ಅನ್ನೋ ನೆನಪು ಆರ್‌ಸಿಂಕ್‌ಗೆ ಇಲ್ಲ, ಹಾಗಾಗಿ ಈ ಕಡೆ ಇಲ್ಲದ ಫೈಲ್ ಇಲ್ಲಿ ಡಿಲೀಟ್ ಆಗಿದ್ಯಾ ಅಥವಾ ಅಲ್ಲಿ ಹೊಸದಾಗಿ ಬಂದಿದ್ಯಾ ಅಂತ ಅದಕ್ಕೆ ಗೊತ್ತಾಗೋ ದಾರಿನೇ ಇಲ್ಲ. ಆ ನೆನಪು ಇಟ್ಕೊಳ್ಳೋ ಟೂಲ್ ಬೇಕು. ಯೂನಿಸನ್ ಒಂದು, ಓಕ್ಯಾಮಲ್ ಭಾಷೇಲಿ ಬರೆದಿರೋದು, ಓಕ್ಯಾಮಲ್ ಕಂಪೈಲರ್ ಇದ್ರೆ ಬರೀ ಮೇಕ್ ಸಾಕು, ಕಾನ್ಫಿಗರ್ ಹೆಜ್ಜೆ ಇಲ್ಲ, 2.52ಕ್ಕಿಂತ ಹಳೇದ್ರಲ್ಲಿ ಎರಡೂ ಕಡೆ ಒಂದೇ ವರ್ಷನ್ ಇರ್ಬೇಕು, ಕೆಲವೊಮ್ಮೆ ಅದನ್ನ ಕಂಪೈಲ್ ಮಾಡಿದ ಓಕ್ಯಾಮಲ್ ವರ್ಷನ್ನೂ ಹೊಂದ್ಬೇಕು, ಅದಕ್ಕೇ 2.52 ಅಥವಾ ಆಮೇಲಿನದ್ದನ್ನೇ ತಗೊಳ್ಳಿ. ಇನ್ನೊಂದು ಸಿಂಕ್‌ಥಿಂಗ್, ಗೋ ಭಾಷೇದು, ಸೋರ್ಸ್ ಫೋಲ್ಡರಲ್ಲಿ ಬಿಲ್ಡ್ ಡಾಟ್ ಗೋ ಅನ್ನೋ ಫೈಲನ್ನ 'ಗೋ ರನ್' ಮಾಡಿದ್ರೆ ಬಿನ್ ಫೋಲ್ಡರಲ್ಲಿ ಬೈನರಿ ಬರತ್ತೆ, ಅದು ಬ್ಯಾಕ್‌ಗ್ರೌಂಡಲ್ಲಿ ಸದಾ ಓಡ್ತಾ ಬದಲಾದ ತಕ್ಷಣ ಕಳಿಸತ್ತೆ, ಒಂದೇ ಫೈಲನ್ನ ಎರಡೂ ಕಡೆ ತಿದ್ದಿದ್ರೆ ಒಂದನ್ನ ಸಿಂಕ್-ಕಾನ್‌ಫ್ಲಿಕ್ಟ್ ಅಂತ ಹೆಸರಿಟ್ಟು ಪಕ್ಕದಲ್ಲೇ ಉಳಿಸತ್ತೆ. ನೀವು ಕೂತು ನೋಡಿ ಒಪ್ಪಿಗೆ ಕೊಟ್ಟ ಮೇಲೇ ಸಿಂಕ್ ಆಗ್ಬೇಕು ಅಂದ್ರೆ ಯೂನಿಸನ್, ಮರೆತುಬಿಡಬೇಕು ಅಂದ್ರೆ ಸಿಂಕ್‌ಥಿಂಗ್. ಒಂದೇ ಫೋಲ್ಡರ್ ಮೇಲೆ ಎರಡನ್ನೂ ಬಿಡ್ಬೇಡಿ.